ಸಲೈನ್ ಬಾಟಲಿಯಲ್ಲಿ ಶಕ್ತಿ ಎಷ್ಟಿದೆ? ಒಂದು ಹಿಡಿ ಒಣದ್ರಾಕ್ಷಿಯಷ್ಟು!

ಬೇಸಿಗೆ ಶುರುವಾಗುತ್ತಿದ್ದಂತೆ ಎರಡು ಬಗೆಯ ಫಾರ್ವರ್ಡ್‌ಗಳು ನಮ್ಮ ಮೊಬೈಲ್‌ಗಳಿಗೆ ತಪ್ಪದೆ ಬರುತ್ತವೆ. ದೊಡ್ಡ ಉದ್ಯಮಿಗಳೆಲ್ಲ ದಿನಕ್ಕೆ ನಾಲ್ಕೇ ಗಂಟೆ ಮಲಗುತ್ತಾರೆ, ನಸುಕಿನ ನಾಲ್ಕಕ್ಕೆ ಏಳದವರು ವ್ಯಾಪಾರದಲ್ಲಿ ಮೇಲೆ ಬರುವುದಿಲ್ಲ ಎನ್ನುವುದು ಒಂದು. ಬಿಸಿಲಿಗೆ ಸುಸ್ತಾದರೆ ಗ್ಲೂಕೋಸ್ ಬಾಟಲಿ ಹಚ್ಚಿಸಿಕೊಳ್ಳಿ, ಹೋದ ಶಕ್ತಿ ಒಂದು ತಾಸಿನಲ್ಲಿ ವಾಪಸ್ ಬರುತ್ತದೆ ಎನ್ನುವುದು ಇನ್ನೊಂದು.

ಎರಡನ್ನೂ ಹೆಚ್ಚು ನಂಬುವವರು ಸ್ವಂತ ವ್ಯವಹಾರ ನಡೆಸುವವರು. ಸಂಬಳದ ಕೆಲಸದಲ್ಲಿರುವವರಿಗೆ ಭಾನುವಾರ ಇದೆ, ರಜೆ ಚೀಟಿ ಇದೆ. ಸ್ವಂತ ಅಂಗಡಿ, ಸ್ವಂತ ತೋಟ ಇರುವವರಿಗೆ ರಜೆ ಮಂಜೂರು ಮಾಡುವವರು ಯಾರು? ಹಾಗಾಗಿ ಈ ಎರಡು ಮಾತುಗಳನ್ನು ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರದ ಉದಾಹರಣೆ ಇಟ್ಟುಕೊಂಡೇ ಪರೀಕ್ಷಿಸೋಣ. ಮಾಲೀಕರ ದಣಿವು ಹೇಗಿರುತ್ತದೆ ಎಂದು ತಿಳಿಯಲು ಒಣದ್ರಾಕ್ಷಿ ಸೀಸನ್‌ಗಿಂತ ಒಳ್ಳೆಯ ಉದಾಹರಣೆ ನಮಗಂತೂ ಕಾಣಲಿಲ್ಲ.

ಆ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇವೆ. ಅಕ್ಟೋಬರ್ ಚಾಟ್ನಿ, ಅಂದರೆ ಹಣ್ಣಿಗಾಗಿ ಬಳ್ಳಿ ಸವರುವ ಕೆಲಸ ಮುಗಿದರೆ ಅಲ್ಲಿಂದ ಏಪ್ರಿಲ್‌ವರೆಗೆ ಬಿಡುವಿಲ್ಲ. ಔಷಧಿ ಸಿಂಪಡಣೆ, ನೀರು, ಗೊಂಚಲಿನ ಆರೈಕೆ ಒಂದರ ಹಿಂದೆ ಒಂದು. ಆಮೇಲೆ ಕೊಯ್ಲು. ಕೊಯ್ದ ಹಣ್ಣನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್‌ನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರದಲ್ಲಿ ಅದು ಒಣದ್ರಾಕ್ಷಿ, ಅಲ್ಲಿನ ಮಾತಿನಲ್ಲಿ ಮಣೂಕ. ನಾಲ್ಕು ಕೆಜಿ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕೆಜಿ. ಈ ಎರಡು ವಾರದಲ್ಲಿ ಒಂದು ಅಡ್ಡ ಮಳೆ ಬಿದ್ದರೆ ಬಣ್ಣ ಹೋಯಿತು, ಬಣ್ಣ ಹೋದರೆ ರೇಟು ಹೋಯಿತು. ಹೀಗಾಗಿ ಮಾಲೀಕರು ಹಗಲು ನಲವತ್ತು ಡಿಗ್ರಿ ಬಿಸಿಲಲ್ಲಿ ನಿಲ್ಲುತ್ತಾರೆ, ರಾತ್ರಿ ಮೋಡ ನೋಡುತ್ತಾ ಕೂರುತ್ತಾರೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಮೋಟಾರು ಚಾಲೂ ಮಾಡಲು ಏಳಬೇಕು. ನಡುವೆ ಕೂಲಿ ಲೆಕ್ಕ, ಬ್ಯಾಂಕಿನ ಕಂತು, ವ್ಯಾಪಾರಿಯ ಫೋನು.

ಇಂಥ ಹೊತ್ತಿನಲ್ಲೇ ಯಾರಾದರೂ ದವಾಖಾನೆಗೆ ಹೋಗಿ, 'ಡಾಕ್ಟ್ರ, ಭಾಳ ನಿತ್ರಾಣ ಆಗೇದ್ರಿ, ಒಂದು ಸಲಾಯಿನ್ ಹಚ್ಚಿಬಿಡ್ರಿ' ಅನ್ನುವುದು.

ಬಾಟಲಿಯೊಳಗೆ ಏನಿದೆ?

ಸಾಮಾನ್ಯವಾಗಿ ಏರಿಸುವ ಬಾಟಲಿ ಅರ್ಧ ಲೀಟರಿನದು. ಅದರ ಮೇಲೆ ನಾರ್ಮಲ್ ಸಲೈನ್, ಶೇ 0.9 ಎಂದು ಬರೆದಿದ್ದರೆ ಒಳಗಿರುವುದು ನೀರು ಮತ್ತು 4.5 ಗ್ರಾಂ ಉಪ್ಪು. ಅಷ್ಟೇ. ಅದರಲ್ಲಿ ಶಕ್ತಿ, ಅಂದರೆ ಕ್ಯಾಲೊರಿ, ಸೊನ್ನೆ. ಒಬ್ಬ ವಯಸ್ಕ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಬಾಟಲಿ ಮುಗಿಯುವ ಹೊತ್ತಿಗೆ ಆ ದಿನದ ಪಾಲು ಹೆಚ್ಚುಕಡಿಮೆ ಪೂರ್ತಿ ನರದೊಳಗೇ ಹೋಗಿರುತ್ತದೆ.

ಗ್ಲೂಕೋಸ್ ಬಾಟಲಿಯಾದರೆ? ಶೇ 5ರ ಡೆಕ್ಸ್‌ಟ್ರೋಸ್ ಎಂದು ಬರೆದಿರುತ್ತದೆ. ಅರ್ಧ ಲೀಟರಿನಲ್ಲಿ 25 ಗ್ರಾಂ ಗ್ಲೂಕೋಸ್. ಅದರಿಂದ ಸಿಗುವುದು 85ರಿಂದ 100 ಕ್ಯಾಲೊರಿ. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ ಅದರಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. 100 ಗ್ರಾಂ ಒಣದ್ರಾಕ್ಷಿಯಲ್ಲಿ 300 ಕ್ಯಾಲೊರಿ ಆಸುಪಾಸು. ಅಂದರೆ ಒಂದು ತಾಸು ಮಲಗಿ, ಸೂಜಿ ಚುಚ್ಚಿಸಿಕೊಂಡು, ದುಡ್ಡು ಕೊಟ್ಟು ಪಡೆದ ಶಕ್ತಿ 30 ಗ್ರಾಂ ಮಣೂಕದಷ್ಟು. ಒಂದು ಹಿಡಿ. ತಮ್ಮ ಶೆಡ್‌ನಲ್ಲಿ ಟನ್‌ಗಟ್ಟಲೆ ಮಣೂಕ ಹರಡಿಟ್ಟವರು ಒಂದು ಹಿಡಿಗಾಗಿ ಊರಿಗೆ ಹೋಗಿ ಬಾಟಲಿ ಹಚ್ಚಿಸಿಕೊಂಡು ಬರುತ್ತಾರಲ್ಲ, ಇದು ನಮಗೆ ನಗು ತರಿಸುವುದಕ್ಕಿಂತ ಬೇಸರ ತರಿಸುತ್ತದೆ.

ಹಳದಿ ಬಾಟಲಿಯ ಮೇಲೆ ಜನರಿಗೆ ಇನ್ನೂ ಹೆಚ್ಚಿನ ನಂಬಿಕೆ. ಅದು ಬೇರೆ ಜಾತಿಯ ಔಷಧಿಯೇನಲ್ಲ. ಅದೇ ಬಾಟಲಿಗೆ ಬಿ ಗುಂಪಿನ ವಿಟಮಿನ್ ಸೇರಿಸಿರುತ್ತಾರೆ, ಅದರಲ್ಲಿನ ಬಿ2 ಹಳದಿ ಬಣ್ಣ ಕೊಡುತ್ತದೆ. ದೇಹಕ್ಕೆ ಬೇಡವಾದಷ್ಟು ಮಾರನೆಯ ದಿನ ಮೂತ್ರದಲ್ಲಿ ಹಳದಿಯಾಗಿಯೇ ಹೊರಗೆ ಹೋಗುತ್ತದೆ.

ಹಾಗಾದರೆ ಬಾಟಲಿ ಮುಗಿದ ಮೇಲೆ ನಿಜವಾಗಿಯೂ ಹಾಯೆನಿಸುತ್ತದಲ್ಲ, ಅದು ಸುಳ್ಳೇ? ಸುಳ್ಳಲ್ಲ. ಇಡೀ ದಿನ ನೀರು ಕುಡಿಯದೆ ಬೆವರಿದ ದೇಹಕ್ಕೆ ಅರ್ಧ ಲೀಟರ್ ನೀರು, ಉಪ್ಪು ಸಿಕ್ಕಿದೆ. ಅದನ್ನು ಬಾಯಿಂದಲೂ ಕೊಡಬಹುದಿತ್ತು ಎನ್ನುವುದು ಬೇರೆ ಮಾತು. ಇನ್ನೊಂದು ಕಾರಣವಿದೆ, ನಮ್ಮ ಲೆಕ್ಕದಲ್ಲಿ ಅದೇ ದೊಡ್ಡದು: ಆ ಒಂದು ತಾಸು ಆ ಮನುಷ್ಯ ಫ್ಯಾನಿನ ಕೆಳಗೆ ಮಲಗಿದ್ದಾನೆ. ಕೈಗೆ ಸೂಜಿ ಇರುವುದರಿಂದ ಫೋನ್ ಎತ್ತುತ್ತಿಲ್ಲ. ಕೂಲಿಯವರು ಬಂದು ಕೇಳುತ್ತಿಲ್ಲ. ಹೆಂಡತಿಯೋ ಮಗನೋ ಪಕ್ಕದಲ್ಲಿ ಕೂತು ಹಣೆ ಮುಟ್ಟುತ್ತಾರೆ. ಸೀಸನ್ ಶುರುವಾದ ಮೇಲೆ ಅವನಿಗೆ ಸಿಕ್ಕ ಮೊದಲ ವಿಶ್ರಾಂತಿ ಅದು. ಹೆಸರು ಬಂದದ್ದು ಬಾಟಲಿಗೆ.

ಇದರಲ್ಲಿ ಅಪಾಯವೂ ಇದೆ. ಶುಗರ್ ಇರುವವರಿಗೆ ಡೆಕ್ಸ್‌ಟ್ರೋಸ್ ಏರಿದರೆ ಸಕ್ಕರೆ ಏರುತ್ತದೆ. ಹೃದಯ ಅಥವಾ ಮೂತ್ರಪಿಂಡ ಸೋತವರಿಗೆ ಹೆಚ್ಚುವರಿ ಉಪ್ಪುನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಬಹುದು. ಸೂಜಿ ಶುದ್ಧವಿಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ ಹರಡುತ್ತವೆ. ಬಾಟಲಿಗೆ ಪಕ್ಕದಿಂದ ಏನಾದರೂ ಇಂಜೆಕ್ಷನ್ ಸೇರಿಸಿದರೆ ಅದೇನೆಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಟೀರಾಯ್ಡ್ ಆಗಿದ್ದರೆ ಎರಡು ದಿನ ಆನೆ ಬಲ ಬಂದಂತೆ ಅನಿಸುತ್ತದೆ, ಸಕ್ಕರೆ ಮತ್ತು ಬಿಪಿ ಹಿಂದಿನಿಂದ ಏರುತ್ತವೆ. ಪದೇ ಪದೇ ವಾಂತಿ-ಭೇದಿಯಾಗಿ ಬಾಯಿಂದ ಏನೂ ನಿಲ್ಲದಿದ್ದಾಗ, ಬಿಸಿಲಿನ ಹೊಡೆತಕ್ಕೆ ಪ್ರಜ್ಞೆ ತಪ್ಪಿದಾಗ, ತೀವ್ರ ಡೆಂಗಿಯಲ್ಲಿ, ಆಪರೇಷನ್ ವೇಳೆ ಸಲೈನ್ ಜೀವ ಉಳಿಸುತ್ತದೆ. ಅದು ಔಷಧಿ. ಟಾನಿಕ್ ಅಲ್ಲ.

ಬಿಸಿಲಿನ ದಣಿವಿಗೆ ಬಾಯಿಂದ ಕುಡಿಯುವುದೇ ಸರಿಯಾದ ದಾರಿ. ಶೆಡ್‌ನಲ್ಲಿ ಮೈಮುರಿದು ದುಡಿದರೆ ತಾಸಿಗೆ ಒಂದು ಲೀಟರ್‌ವರೆಗೂ ಬೆವರು ಹೋಗಬಹುದು. ಉಪ್ಪು ಹಾಕಿದ ಮಜ್ಜಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಪಾನೀಯ. ಬೆವರು ಬಹಳ ಹೋಗಿದ್ದರೆ ಓಆರ್‌ಎಸ್ ಪುಡಿ, ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿನಲ್ಲಿ. ಹಣ್ಣಿನ ರುಚಿಯ ಡಬ್ಬಿ ಜ್ಯೂಸ್‌ಗಳು ಬಹಳ ಕಾಲ ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಕ್ಕೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಬಿಪಿ ಇರುವವರು ಓಆರ್‌ಎಸ್ ಅನ್ನು ಶರಬತ್ತಿನಂತೆ ದಿನಾ ಕುಡಿಯಬೇಡಿ, ಅದರಲ್ಲೂ ಉಪ್ಪಿದೆ.

ಚಹಾ ಕೊಡುವುದು ಕೈಗಡ

ಬಾಟಲಿ ಅಪರೂಪಕ್ಕೆ. ದಿನದ ಆಧಾರ ಚಹಾ. ವ್ಯಾಪಾರಿ ಬಂದ, ಚಹಾ. ಗಾಡಿ ಬಂತು, ಚಹಾ. ವಿಜಯಪುರದ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟವರಿಗೆ ದಿನಕ್ಕೆ ಎಂಟು-ಹತ್ತು ಕಪ್ಪು ಆಗುವುದು ಗೊತ್ತೇ ಆಗುವುದಿಲ್ಲ.

ಎಚ್ಚರವಿದ್ದಷ್ಟು ಹೊತ್ತೂ ನಮ್ಮ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತಾಗ ನಮಗೆ ನಿದ್ದೆ ಬರುತ್ತದೆ. ಚಹಾದಲ್ಲಿನ ಕೆಫೀನ್ ಮಾಡುವುದು ಇಷ್ಟೇ: ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹಿಡಿದಂತೆ ಆ ಜಾಗವನ್ನು ಹಿಡಿದುಬಿಡುತ್ತದೆ. ಅಡಿನೋಸಿನ್ ಹೊರಗೆ ನಿಂತು ಕಾಯುತ್ತದೆ, ಕಾಯುತ್ತಾ ಇನ್ನೂ ಹೆಚ್ಚುತ್ತದೆ. ಟವೆಲ್ ತೆಗೆದ ಕೂಡಲೇ ಎಲ್ಲವೂ ಒಟ್ಟಿಗೆ ನುಗ್ಗುತ್ತದೆ. ಆಗ ಇನ್ನೊಂದು ಚಹಾ. ದಣಿವು ಎಲ್ಲಿಗೂ ಹೋಗಿಲ್ಲ, ಸಂಜೆಯ ಖಾತೆಗೆ ಜಮೆಯಾಗಿದೆ.

ಕೆಫೀನ್ ಅರ್ಧದಷ್ಟು ಖಾಲಿಯಾಗಲು ಸರಾಸರಿ ಐದು ತಾಸು ಬೇಕು. ಸಂಜೆ 6ಕ್ಕೆ ಕುಡಿದ ಚಹಾದ ಅರ್ಧ ಭಾಗ ರಾತ್ರಿ 11ಕ್ಕೂ ಮೈಯಲ್ಲಿರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಪ್ರಕಾರ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ. ಊಟದ ಹಿಂದೆ-ಮುಂದೆ ಒಂದು ತಾಸು ಚಹಾ ಬೇಡ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಚಹಾದ ಟ್ಯಾನಿನ್ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ.

ಈ ಕೊನೆಯ ಮಾತು ಮಹಿಳಾ ಮಾಲೀಕರಿಗೆ ಹೆಚ್ಚು ಮುಖ್ಯ. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಮಾಡಿ ಮಾರುವವರು ಒಲೆಯ ಮುಂದೆ ಗಂಟೆಗಟ್ಟಲೆ ಕೂತು, ಊಟ ತಪ್ಪಿಸಿ, ಚಹಾದ ಮೇಲೆ ದಿನ ದೂಡುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಅವರ ನಿತ್ರಾಣಕ್ಕೆ ಕಾರಣ ಕೆಲಸ ಮಾತ್ರವಲ್ಲ, ರಕ್ತವೂ ಇರಬಹುದು. ಅದನ್ನು ಚಹಾ ಮುಚ್ಚಿಡುತ್ತದೆ, ಜೊತೆಗೆ ಹೆಚ್ಚೂ ಮಾಡುತ್ತದೆ.

ಎನರ್ಜಿ ಡ್ರಿಂಕ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಡಬ್ಬಿಯಲ್ಲಿರುವುದು ಅದೇ ಕೆಫೀನ್, ಮೇಲೆ ಕೈತುಂಬ ಸಕ್ಕರೆ. ತಂಬಾಕು-ಸುಣ್ಣ, ಗುಟ್ಕಾ ಕೊಡುವ ಚುರುಕೂ ಇಂಥದೇ, ವ್ಯತ್ಯಾಸವೆಂದರೆ ಅದರ ಬಿಲ್ಲು ಬಾಯಿಯ ಕ್ಯಾನ್ಸರ್ ರೂಪದಲ್ಲಿ ಬರುತ್ತದೆ.

ನಾಲ್ಕು ತಾಸಿನ ನಿದ್ದೆಯವರು

ಈಗ ಮೊದಲ ಫಾರ್ವರ್ಡ್‌ಗೆ ಬರೋಣ. ನಸುಕಿನಲ್ಲಿ ಏಳುವುದರಲ್ಲಿ ತಪ್ಪಿಲ್ಲ, ನಮ್ಮ ಅಜ್ಜಂದಿರು ಎದ್ದವರೇ. ಆದರೆ ಅವರು ಕತ್ತಲಾದ ಮೇಲೆ ಎಂಟು, ಒಂಬತ್ತಕ್ಕೆಲ್ಲ ಮಲಗುತ್ತಿದ್ದರು. ಫಾರ್ವರ್ಡ್ ಕಳಿಸುವವರು ಏಳುವ ಹೊತ್ತನ್ನು ಮಾತ್ರ ಹೇಳುತ್ತಾರೆ, ಮಲಗುವ ಹೊತ್ತನ್ನು ಹೇಳುವುದಿಲ್ಲ. ಅಮೆರಿಕದ ನಿದ್ರಾ ವೈದ್ಯರ ಮತ್ತು ಸಂಶೋಧಕರ ಸಂಘಗಳು 2015ರಲ್ಲಿ ಒಟ್ಟಾಗಿ ಹೇಳಿದ್ದು, ವಯಸ್ಕರಿಗೆ ರಾತ್ರಿ ಕನಿಷ್ಠ 7 ತಾಸು. ಕಡಿಮೆ ನಿದ್ದೆಯಲ್ಲೇ ನಿಜವಾಗಿ ಚೇತರಿಸಿಕೊಳ್ಳುವ ಜನ ಇದ್ದಾರೆ, ಅದಕ್ಕೆ ಸಂಬಂಧಿಸಿದ ಜೀನ್ ಬದಲಾವಣೆಯೊಂದನ್ನು 2009ರಲ್ಲಿ ಗುರುತಿಸಿದ್ದಾರೆ. ಅಂಥವರು ತೀರಾ ವಿರಳ. ನೀವು ಭಾನುವಾರವೋ ಹಬ್ಬದ ಮಾರನೆಯ ದಿನವೋ ಬಿಟ್ಟರೆ ಒಂಬತ್ತರವರೆಗೆ ಮಲಗುವವರಾದರೆ, ಆ ಜೀನ್ ನಿಮ್ಮಲ್ಲಿ ಇಲ್ಲ ಎಂದೇ ತಿಳಿಯಿರಿ.

'ನನಗೇನೂ ಆಗಿಲ್ಲ, ರೂಢಿ ಆಗಿದೆ' ಎನ್ನುವವರಿಗಾಗಿಯೇ ಮಾಡಿದಂತಿರುವ ಒಂದು ಪ್ರಯೋಗವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 48 ಆರೋಗ್ಯವಂತರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ದು. ಕೆಲವರಿಗೆ 14 ದಿನ ರಾತ್ರಿ 6 ತಾಸು, ಕೆಲವರಿಗೆ 4 ತಾಸು ಮಾತ್ರ ಮಲಗಲು ಬಿಟ್ಟರು. ಕೊನೆಗೆ ಅವರ ಗಮನ ಮತ್ತು ನೆನಪು ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಅದಕ್ಕಿಂತ ಮುಖ್ಯವಾದದ್ದು, ತಾವು ಇಷ್ಟು ಕುಸಿದಿದ್ದೇವೆ ಎಂಬ ಅರಿವು ಅವರಿಗೇ ಇರಲಿಲ್ಲ. ರೂಢಿಯಾಗುವುದು ದಣಿವಿನ ಅನುಭವ ಮಾತ್ರ. ಕೈ ತಪ್ಪುವುದು, ಲೆಕ್ಕ ತಪ್ಪುವುದು ರೂಢಿಯಾಗುವುದಿಲ್ಲ.

ಇದು ಪ್ರಾಣದ ಪ್ರಶ್ನೆಯಾಗುವುದು ರಸ್ತೆಯ ಮೇಲೆ. ವಿಜಯಪುರದ ಮಣೂಕ ಸ್ಥಳೀಯವಾಗಿ ಮಾರಾಟವಾಗುವುದಲ್ಲದೆ ಗಡಿ ದಾಟಿ ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೂ ಹೋಗುತ್ತದೆ. ತಿಕೋಟಾದಿಂದ ಅಥಣಿ, ಮಿರಜ್ ಮೇಲೆ ಹಾಯುವ ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ದಿನವೆಲ್ಲ ಮಾಲು ತುಂಬಿಸಿ, ರಾತ್ರಿ ಊಟ ಮಾಡಿ, ತಾವೇ ಗಾಡಿ ಹತ್ತುವವರಿದ್ದಾರೆ. 2000ನೇ ಇಸವಿಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರ ಪ್ರಕಾರ, 17ರಿಂದ 19 ತಾಸು ಸತತ ಎಚ್ಚರವಿದ್ದವರ ಕೈಚಳಕ ಮತ್ತು ಪ್ರತಿಕ್ರಿಯೆ ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕೆಟ್ಟದಾಗಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಬೆಳಿಗ್ಗೆ 5ಕ್ಕೆ ಎದ್ದವರು ರಾತ್ರಿ 10ಕ್ಕೆ ಸ್ಟೀರಿಂಗ್ ಹಿಡಿದರೆ 17 ತಾಸು ತುಂಬಿತು. ಒಂದು ಹನಿ ಕುಡಿಯದವರೂ ಕುಡಿದವರ ಸ್ಥಿತಿಯಲ್ಲಿ ಗಾಡಿ ಓಡಿಸುತ್ತಿದ್ದಾರೆ, ಪೊಲೀಸರ ಊದುವ ಯಂತ್ರ ಮಾತ್ರ ಅದನ್ನು ತೋರಿಸುವುದಿಲ್ಲ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಚಿಮುಕಿಸುವುದು ನಿದ್ದೆಯನ್ನು ನಿಲ್ಲಿಸುವುದಿಲ್ಲ. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದು ಸ್ವಲ್ಪ ಹೊತ್ತಿಗೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು. ಒಣಗಿದ ಮಣೂಕ ಒಂದು ರಾತ್ರಿಗೆ ಕೆಡುವ ಮಾಲಲ್ಲ.

ಹೆಚ್ಚು ದುಡಿಮೆಯೇ ಹೆಚ್ಚು ಗಳಿಕೆ ಎಂಬ ಚರ್ಚೆ 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ನಡೆಯಿತು. ತಿಕೋಟಾದ ಶೆಡ್ ಮಾಲೀಕರಿಗೆ 70 ಗಂಟೆ ಎಂದರೆ ಐದೇ ದಿನದ ಲೆಕ್ಕ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮೀರಿದವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಕಂಡಿತು. ಇದು ವರ್ಷಗಟ್ಟಲೆ ಹಾಗೆ ದುಡಿದವರ ಮಾತು. ಎರಡು ತಿಂಗಳ ಸೀಸನ್ನಿನಿಂದ ಯಾರಿಗೂ ಲಕ್ವಾ ಹೊಡೆಯುತ್ತದೆ ಎಂದು ಹೆದರಿಸುವ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ. ಸೀಸನ್ ಮುಗಿದ ಮೇಲೂ ಅದೇ ಗಡಿಬಿಡಿ ಮುಂದುವರಿದರೆ ಮಾತ್ರ ಯೋಚಿಸಬೇಕು.

ದುಡ್ಡು ಬರುವ ಮುಂಚಿನ ತಲೆ

ಮೈ ದಣಿವಿಗೆ ಕಾರಣ ಸುಲಭವಾಗಿ ಕಾಣುತ್ತದೆ. ತಲೆ ದಣಿಯುವುದು ಏಕೆ? ನಿರ್ಧಾರ ಮಾಡಿ ಮಾಡಿ ಮನೋಬಲ ಖಾಲಿಯಾಗುತ್ತದೆ, ಸಿಹಿ ತಿಂದರೆ ಮತ್ತೆ ತುಂಬುತ್ತದೆ ಎಂಬುದು ಉದ್ಯಮಿಗಳ ಗ್ರೂಪುಗಳಲ್ಲಿ ಓಡಾಡುವ ಇನ್ನೊಂದು ಮಾತು. ಮನೋಬಲ ಬ್ಯಾಟರಿಯಂತೆ ಇಳಿಯುತ್ತದೆ ಎಂಬ ಕಲ್ಪನೆಯನ್ನು 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮತ್ತೆ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಕೊಟ್ಟವು. ಪರಿಣಾಮ ಸೊನ್ನೆಗೆ ಹತ್ತಿರವಿತ್ತು. ಹಾಗಾಗಿ ಆ ಹೆಸರಿನಲ್ಲಿ ಪೇಡೆ ತಿನ್ನಬೇಡಿ, ತಿನ್ನುವುದಿದ್ದರೆ ರುಚಿಗಾಗಿ ತಿನ್ನಿ.

ನಮಗೆ ಹೆಚ್ಚು ಒಪ್ಪಿಗೆಯಾಗುವ ಅಧ್ಯಯನ ನಮ್ಮ ಪಕ್ಕದ ರಾಜ್ಯದ್ದೇ. ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರಿಗೆ ಒಂದೇ ಬಗೆಯ ಬುದ್ಧಿ ಪರೀಕ್ಷೆಯನ್ನು ಎರಡು ಸಲ ಕೊಟ್ಟರು: ಕಟಾವಿಗೆ ಮೊದಲು, ಕೈ ಖಾಲಿ ಇದ್ದಾಗ, ಕಟಾವಿನ ನಂತರ, ದುಡ್ಡು ಬಂದಾಗ. ಅದೇ ರೈತ, ಅದೇ ತಲೆ, ಆದರೆ ಮೊದಲನೆಯ ಸಲ ಅಂಕ ಕಡಿಮೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಂತು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲೆ ತಕರಾರುಗಳು ಎದ್ದಿವೆ. ಆದರೆ ಬಾಕಿ ದುಡ್ಡಿನ ಚಿಂತೆ ತಲೆಯ ಒಂದು ಮೂಲೆಯನ್ನು ಸದಾ ಹಿಡಿದಿಟ್ಟಿರುತ್ತದೆ ಎನ್ನುವುದು ಮಾಲು ಕೊಟ್ಟು ಪಟ್ಟಿ ಕಾಯುತ್ತಿರುವ ಯಾವ ಬೆಳೆಗಾರನಿಗೂ ಹೊಸ ಸುದ್ದಿಯಲ್ಲ.

ಇದರಿಂದ ಒಂದು ಉಪಯೋಗದ ಮಾತು ಹೊರಡುತ್ತದೆ. ರಾತ್ರಿ ಹನ್ನೊಂದಕ್ಕೆ ರೇಟಿನ ಗ್ರೂಪ್ ನೋಡಿ, ಹೆದರಿ, ಸಿಕ್ಕ ಬೆಲೆಗೆ ಹೂಂ ಅನ್ನುವ ಬದಲು ತಲೆ ನಿರಾಳ ಇದ್ದಾಗಲೇ, ಜನವರಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೇ ಅನ್ನಿ, ವಹಿಯಲ್ಲಿ ಬರೆದಿಟ್ಟುಕೊಳ್ಳಿ: ಇಷ್ಟು ಬೆಲೆ ಬಂದರೆ ಇಷ್ಟು ಪೆಟ್ಟಿಗೆ ಮಾರುವುದು, ಉಳಿದದ್ದು ಕೋಲ್ಡ್ ಸ್ಟೋರೇಜಿಗೆ. ಇಷ್ಟು ದಿನದ ಮೇಲೆ ಬಾಕಿ ಉಳಿಸಿಕೊಂಡ ವ್ಯಾಪಾರಿಗೆ ಮತ್ತೆ ಮಾಲಿಲ್ಲ. ಮನೆಯ ಇನ್ನೊಬ್ಬರಿಗೂ ಅದು ಗೊತ್ತಿರಲಿ. ಬೆಲೆ ನಿಮ್ಮ ಕೈಯಲ್ಲಿಲ್ಲ, ಬರೆದಿಟ್ಟದ್ದು ಇದೆ. ರಾತ್ರಿ ಒಂಬತ್ತರ ಮೇಲೆ ವ್ಯಾಪಾರದ ಮಾತಿಲ್ಲ ಎಂದು ಗ್ರೂಪಿನಲ್ಲಿ ಒಮ್ಮೆ ಹಾಕಿನೋಡಿ. ಬೈಯುವವರಿಗಿಂತ ಹೂಂ ಅನ್ನುವವರೇ ಹೆಚ್ಚು ಸಿಗಬಹುದು, ಅವರಿಗೂ ನಿದ್ದೆ ಬೇಕಲ್ಲ.

ರಾತ್ರಿಯ ಕಾವಲನ್ನೂ ಹಂಚಿಕೊಳ್ಳಬಹುದು. ಒಂದೇ ದಾರಿಯ ಮೇಲಿನ ಮೂರು-ನಾಲ್ಕು ಶೆಡ್‌ನವರು ಪಾಳಿ ಹಾಕಿಕೊಂಡು, ಮೋಡ ಕಟ್ಟಿದರೆ ಮಾತ್ರ ಉಳಿದವರನ್ನು ಎಬ್ಬಿಸುವುದು. ನಾಲ್ಕು ರಾತ್ರಿಯಲ್ಲಿ ಮೂರು ರಾತ್ರಿ ನಿದ್ದೆ ಉಳಿಯಿತು. ಮಧ್ಯಾಹ್ನ ಊಟದ ಮೇಲೆ, ಅಂಗಡಿಯಾದರೆ ಶಟರ್ ಅರ್ಧ ಎಳೆದು, ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಸೋಮಾರಿತನವಲ್ಲ. ದೂರದ ಹಾರಾಟದ ಪೈಲಟ್‌ಗಳಿಗೆ ಸೀಟಿನಲ್ಲೇ ಮಲಗಲು ಬಿಟ್ಟು ನಾಸಾ ಮಾಡಿದ ಅಧ್ಯಯನದಲ್ಲಿ ಅವರು ನಿದ್ರಿಸಿದ್ದು ಸರಾಸರಿ 26 ನಿಮಿಷ. ಹಾಗೆ ಮಲಗಿದವರು ಇಳಿಯುವ ಹೊತ್ತಿಗೆ ಮಲಗದವರಿಗಿಂತ ಚುರುಕಾಗಿದ್ದರು. ಒಂದು ತಾಸು ಮಲಗಿದರೆ ಗಾಢ ನಿದ್ದೆಗೆ ಜಾರಿ ಏಳುವಾಗ ಮಂಕು ಕವಿಯುತ್ತದೆ, ಆಮೇಲೆ ರಾತ್ರಿ ನಿದ್ದೆ ಬರುವುದಿಲ್ಲ. ಅಲಾರಂ ಇಟ್ಟುಕೊಳ್ಳಿ.

ಯಾವಾಗ ಇದು ಬರೀ ದಣಿವಲ್ಲ

ಎರಡು ವಾರ ಸರಿಯಾಗಿ ಮಲಗಿ, ಉಂಡು, ನೀರು ಕುಡಿದ ಮೇಲೂ ನಿತ್ರಾಣ ಹೋಗದಿದ್ದರೆ ಪರೀಕ್ಷೆ ಬೇಕು. ಬಾಟಲಿ ಹಚ್ಚಿಸಿಕೊಳ್ಳುವವರಿಗೆ ಆಗುವ ದೊಡ್ಡ ನಷ್ಟ ದುಡ್ಡಿನದಲ್ಲ, ಕಾಯಿಲೆ ಹಿಡಿಯುವುದು ತಡವಾಗುತ್ತದೆ ಎನ್ನುವುದು. ಹಿಮೋಗ್ಲೋಬಿನ್, ಸಕ್ಕರೆ, ಬಿಪಿ, ಥೈರಾಯ್ಡ್, ವಿಟಮಿನ್ ಬಿ12, ಇವಿಷ್ಟರಲ್ಲೇ ಬಹಳಷ್ಟು ಉತ್ತರ ಸಿಗುತ್ತದೆ. ಬಿ12 ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲಿ ಮಾತ್ರ ಇರುವುದರಿಂದ ಶಾಕಾಹಾರಿಗಳಿಗೆ ಕೊರತೆ ಹೆಚ್ಚು. ಶುಗರ್‌ಗೆ ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೂ ಅದು ಇಳಿಯಬಹುದು. ಕೊರತೆ ಇದ್ದವರಿಗೆ ಬಿ12 ಇಂಜೆಕ್ಷನ್ ನಿಜಕ್ಕೂ ಜೀವ ತುಂಬುತ್ತದೆ. ಇಲ್ಲದವರಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಜೋರಾಗಿ ಗೊರಕೆ ಹೊಡೆಯುವವರು, ನಡುವೆ ಉಸಿರು ನಿಂತು ಬೆಚ್ಚಿ ಏಳುವವರು ಎಂಟು ತಾಸು ಮಲಗಿದರೂ ದಣಿದೇ ಏಳುತ್ತಾರೆ. ಇದನ್ನು ಮೊದಲು ಗಮನಿಸುವುದು ಪಕ್ಕದಲ್ಲಿ ಮಲಗಿದವರು, ಅವರ ಮಾತನ್ನು ಡಾಕ್ಟರಿಗೆ ಹೇಳಿ. ಔಷಧಿ ಹೊಡೆದ ದಿನ ತಲೆನೋವು, ತಲೆಸುತ್ತು, ಬಾಯಲ್ಲಿ ನೀರು ಸುರಿಯುವುದು, ಕಣ್ಣು ಮಂಜಾಗುವುದು ಶುರುವಾದರೆ ಬಿಸಿಲಿನ ಸುಸ್ತು ಎಂದು ಮಲಗಬೇಡಿ. ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಔಷಧಿ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ. ಬಿಸಿಲಲ್ಲಿದ್ದವರು ತಡವರಿಸಿ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಕರೆ ಮಾಡಿ.

ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸಾಲದ ಯೋಚನೆಯಲ್ಲಿ ಬದುಕೇ ಸಾಕೆನಿಸುತ್ತದೆ ಎನ್ನುವ ಹಂತಕ್ಕೆ ಬಂದರೆ ಅದಕ್ಕೂ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಬೇಡವಾದರೂ ನಂಬರ್ ಉಳಿಸಿಕೊಳ್ಳಿ, ನಿಮ್ಮ ಗ್ರೂಪಿನಲ್ಲಿ ಯಾರಿಗಾದರೂ ಬೇಕಾಗಬಹುದು.

30 ವರ್ಷ ದಾಟಿದವರಿಗೆ ಬಿಪಿ ಮತ್ತು ಶುಗರ್ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಸೀಸನ್ ನಡುವೆ ಯಾರೂ ಹೋಗುವುದಿಲ್ಲ ಎಂದು ನಮಗೂ ಗೊತ್ತು. ಶ್ರಾವಣದಲ್ಲಿ, ಅಕ್ಟೋಬರ್ ಚಾಟ್ನಿಗೆ ಆಳು ಗೊತ್ತು ಮಾಡುವ ಮೊದಲು, ಒಂದು ಮುಂಜಾನೆ ಬರಿಹೊಟ್ಟೆಯಲ್ಲಿ ಹೋಗಿಬನ್ನಿ. ಮನೆಯವರನ್ನೂ ಕರೆದುಕೊಂಡು ಹೋಗಿ.